ಮಕ್ಕಳ ಜೊತೆ ಕಾಡುಹಾದಿಯಲ್ಲಿ ಸೈಕಲ್ ಸವಾರಿ: ಹಾದಿ ಆರಿಸುವುದರಿಂದ ಮನೆ ಸೇರುವವರೆಗೆ

ಏಳನೇ ಕಿಲೋಮೀಟರಿನಲ್ಲಿ ನನ್ನ ಮಗಳು ಸೈಕಲ್ಲನ್ನು ಹಾದಿಯ ಬದಿಗೆ ಮಲಗಿಸಿ, ಬಿದ್ದಿದ್ದ ಮರದ ಮೇಲೆ ಕೂತುಬಿಟ್ಟಳು. ಆಗ ಅವಳಿಗೆ ಆರು ವರ್ಷ. “ಅಪ್ಪಾ, ಕಾಲು ನನ್ನ ಮಾತೇ ಕೇಳ್ತಿಲ್ಲ” ಅಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ನಿಜವಾಗಿಯೂ ಅವಳ ಕಾಲಲ್ಲಿ ಶಕ್ತಿ ಉಳಿದಿರಲಿಲ್ಲ. ಹಿಂದಕ್ಕೆ ಹೋದರೆ ಏಳು ಕಿಲೋಮೀಟರ್, ಮುಂದಕ್ಕೆ ಹೋದರೆ ಐದು. ಅವಳ ಸೈಕಲ್ಲನ್ನೂ ನನ್ನದನ್ನೂ ತಳ್ಳಿಕೊಂಡು, ಅವಳನ್ನು ನಡೆಸಿಕೊಂಡು ಬರುವಷ್ಟರಲ್ಲಿ ಕತ್ತಲಾಗಿತ್ತು.

ನಕ್ಷೆಯಲ್ಲಿ ‘12 ಕಿ.ಮೀ., ಸುಲಭ’ ಅಂತ ಇದ್ದದ್ದನ್ನು ನಾನು ನನ್ನ ಕಾಲಿನ ಲೆಕ್ಕದಲ್ಲಿ ಓದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಕುಟುಂಬದ ಸವಾರಿಯಲ್ಲಿ ಆ ಹಾಸಿಗೆ ಅಂದರೆ ಗುಂಪಿನಲ್ಲಿರುವ ಅತಿ ಚಿಕ್ಕ ಸವಾರ. ಹಾದಿ, ದೂರ, ವೇಗ, ನಿಲ್ಲುವ ಜಾಗ, ಎಲ್ಲವೂ ಅವರ ಅಳತೆಯಲ್ಲೇ ಆಗಬೇಕು. ಈಗ ಅವಳೇ ನಕ್ಷೆ ಹರಡಿಕೊಂಡು ಕೂರುತ್ತಾಳೆ. ಆ ದಿನದಿಂದ ಈಚೆಗೆ ಕಲಿತದ್ದನ್ನೆಲ್ಲ, ಹೊರಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

1. ದೂರವನ್ನು ಚಿಕ್ಕವರ ಕಾಲಿನಿಂದ ಅಳೆಯಿರಿ

ಮಕ್ಕಳು ಯಾಕೆ ಅಷ್ಟು ಬೇಗ ಸುಸ್ತಾಗುತ್ತಾರೆ? ಚಕ್ರ ನೋಡಿ. 14 ಇಂಚಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 1.1 ಮೀಟರ್ ಮುಂದೆ ಹೋಗುತ್ತದೆ. ದೊಡ್ಡವರ 28 ಇಂಚಿನ ಚಕ್ರ ಅದೇ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಇದರ ಮೇಲೆ ತೂಕ ಬೇರೆ. 20 ಕೆ.ಜಿ. ತೂಕದ ಮಗು 10 ಕೆ.ಜಿ. ತೂಕದ ಸೈಕಲ್ ತುಳಿಯುತ್ತಿದ್ದರೆ, ತನ್ನ ಮೈಯ ಅರ್ಧ ಭಾರವನ್ನು ಹೊತ್ತು ಸಾಗುತ್ತಿದೆ ಅಂತಲೇ ಲೆಕ್ಕ. ದೊಡ್ಡವರಿಗೆ 35 ಕೆ.ಜಿ.ಯ ಸೈಕಲ್ ಕೊಟ್ಟು ಏರು ಹತ್ತಿ ಅಂದರೆ ಹೇಗಿರುತ್ತದೆ, ಯೋಚಿಸಿ.

ನನ್ನ ಅನುಭವದ ಅಂದಾಜು ಹೀಗಿದೆ. ತಾನೇ ಪೆಡಲ್ ತುಳಿಯುವ 4–5 ವರ್ಷದ ಮಗುವಿಗೆ 3ರಿಂದ 5 ಕಿ.ಮೀ. ಸಾಕು. 6–8 ವರ್ಷದವರು 8ರಿಂದ 10 ಕಿ.ಮೀ. ಹೋಗಬಲ್ಲರು. 9 ದಾಟಿದ, ಗೇರ್ ಸೈಕಲ್ ಇರುವ ಮಕ್ಕಳು 15–20 ಕಿ.ಮೀ. ಖುಷಿಯಾಗಿ ಮುಗಿಸುತ್ತಾರೆ. ಇದು ಸಮತಟ್ಟಾದ ಹಾದಿಗೆ ಮಾತ್ರ. ಮೊದಲ ಸಲ ಹೋಗುವುದಾದರೆ ಇದರಲ್ಲಿ ಅರ್ಧಕ್ಕೆ ಇಳಿಸಿ. “ಇಷ್ಟು ಬೇಗ ಮುಗೀತಾ?” ಅಂತ ಮಗು ಕೇಳಿದರೆ ನಿಮ್ಮ ಲೆಕ್ಕ ಸರಿಯಾಗಿದೆ.

ಸಮಯದ ಲೆಕ್ಕವನ್ನೂ ಇಲ್ಲೇ ಹಾಕಿ. ಮಕ್ಕಳ ಜೊತೆ ಗಂಟೆಗೆ 8 ಕಿ.ಮೀ. ಹೋಗುತ್ತೇವೆ ಅಂದುಕೊಂಡರೂ ನಿಂತು, ನೀರು ಕುಡಿದು, ಕಪ್ಪೆ ನೋಡಿ, ಕಲ್ಲು ಆರಿಸಿಕೊಂಡು ಹೋಗುವಾಗ ಅದು 5ಕ್ಕೆ ಇಳಿಯುತ್ತದೆ. 10 ಕಿ.ಮೀ. ಅಂದರೆ ಎರಡು ಗಂಟೆ. ಮರದ ನೆರಳಿನಲ್ಲಿ ಬಯಲಿಗಿಂತ ಬೇಗ ಕತ್ತಲು ಕವಿಯುತ್ತದೆ. ಹಾಗಾಗಿ ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಕಾಡಿನಿಂದ ಹೊರಗಿರುವಂತೆ ಲೆಕ್ಕ ಹಾಕಿ. ಪಂಕ್ಚರ್ ಆದರೆ ಆ ಎರಡು ಗಂಟೆಯೇ ನಿಮ್ಮನ್ನು ಕಾಪಾಡುವುದು.

2. ಹಾದಿಯ ಮೈ ನೋಡಿ, ಏರು ನೋಡಿ

ಎಲ್ಲಕ್ಕಿಂತ ಜಾಸ್ತಿ ಸಮಯವನ್ನು ಇಲ್ಲೇ ಕೊಡಬೇಕು. ಹಾದಿ ಸರಿಯಾಗಿದ್ದರೆ ಸಾಧಾರಣ ಸೈಕಲ್ಲೂ ಸಾಕು. ಹಾದಿ ತಪ್ಪಾದರೆ ಎಷ್ಟೇ ಒಳ್ಳೆಯ ಸೈಕಲ್ ಇದ್ದರೂ ಕಷ್ಟವೇ.

ಕಾಡಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಬಗೆಯ ಹಾದಿಗಳು ಸಿಗುತ್ತವೆ. ಮರ ಸಾಗಿಸುವ ಲಾರಿಗಳಿಗಾಗಿ ಮಾಡಿದ ಅಗಲವಾದ ಮಣ್ಣು ಜಲ್ಲಿ ರಸ್ತೆ ಒಂದು. ಮಗು ಅತ್ತಿತ್ತ ವಾಲಿದರೂ ಅಲ್ಲಿ ಜಾಗವಿರುತ್ತದೆ, ಇಬ್ಬರು ಅಕ್ಕಪಕ್ಕ ಹೋಗಬಹುದು. ಆದರೆ ಲಾರಿ ಎಳೆಯುವ ಏರೇ ಬೇರೆ, ಮಗು ತುಳಿಯುವ ಏರೇ ಬೇರೆ. ಇಂಥ ರಸ್ತೆಗಳಲ್ಲಿ ಉದ್ದನೆಯ ಏರುಗಳು ಇದ್ದೇ ಇರುತ್ತವೆ. ಇನ್ನೊಂದು, ಸೈಕಲ್‌ಗೆಂದೇ ಸಣ್ಣ ಜಲ್ಲಿ ಹಾಸಿ ರೋಲರ್ ಹೊಡೆದು ಗಟ್ಟಿ ಮಾಡಿದ ಹಾದಿ. ಕುಟುಂಬಕ್ಕೆ ಇದು ತುಂಬ ಒಳ್ಳೆಯದು. ಜೌಗು ಜಾಗದಲ್ಲಿ ಮರದ ಹಲಗೆ ಹಾಸಿದ ಹಾದಿ ಬರಬಹುದು. ನೋಡಲು ಚೆಂದ, ಮಳೆ ಬಿದ್ದರೆ ಸೋಪು ಸವರಿದ ಹಾಗೆ ಜಾರುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಇನ್ನು ಬೇರು, ಬಂಡೆ ತುಂಬಿದ ಒಂಟಿ ಕಾಲುಹಾದಿ. ಅದು ಪಳಗಿದ ಸವಾರರಿಗೆ. ಈಗ ಬೇಡ.

ಹಳೆಯ ರೈಲು ಮಾರ್ಗವನ್ನು ಸೈಕಲ್ ಹಾದಿಯಾಗಿ ಮಾಡಿದ್ದು ಎಲ್ಲಾದರೂ ಸಿಕ್ಕರೆ ಕಣ್ಣು ಮುಚ್ಚಿ ಆರಿಸಿಕೊಳ್ಳಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಕಡಿದಾದ ಏರನ್ನು ರೈಲು ಹತ್ತಲಾರದು. ಅದಕ್ಕೇ ಆ ಕಾಲದ ಎಂಜಿನಿಯರುಗಳು ಗುಡ್ಡ ಕಡಿದು, ತಗ್ಗು ತುಂಬಿಸಿ, ಏರನ್ನು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಮೀಟರ್ ಒಳಗೇ ಇಟ್ಟರು. ತಿರುವುಗಳೂ ಮೆತ್ತಗೆ. ಅವರು ಉಗಿಬಂಡಿಗೆ ಮಾಡಿಕೊಟ್ಟ ಉಪಕಾರ ಈಗ ನಮ್ಮ ಮಕ್ಕಳಿಗೆ ಸಿಗುತ್ತಿದೆ. ಇಂಗ್ಲೆಂಡಿನ ಫಾರೆಸ್ಟ್ ಆಫ್ ಡೀನ್ ಕಾಡಿನ ಕುಟುಂಬ ಸೈಕಲ್ ಹಾದಿ ಹೀಗೆ ಹಳೆಯ ರೈಲು ಮಾರ್ಗವನ್ನೇ ಹಿಡಿದು ಸಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್–ಸ್ಪಾರ್ಟಾ ಹಾದಿ ಸುಮಾರು 50 ಕಿ.ಮೀ. ಉದ್ದವಿದೆ. ಅದರಲ್ಲಿ ಮೂರು ಸುರಂಗಗಳಿವೆ. ಅತಿ ಉದ್ದದ್ದು ಒಂದು ಕಿಲೋಮೀಟರಿಗಿಂತ ಹೆಚ್ಚು. ಒಳಗೆ ಕಗ್ಗತ್ತಲು, ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಬೇಸಿಗೆಯಲ್ಲೂ ಚಳಿ. ಅಲ್ಲಿ ಸೈಕಲ್ ಇಳಿದು ನಡೆಯಬೇಕು. ರೈಲು ಹಾದಿಗೆ ಹೋಗುವಾಗ ಸುರಂಗ ಇದೆಯಾ ಅಂತ ಮೊದಲೇ ನೋಡಿ, ಇದ್ದರೆ ಪ್ರತಿಯೊಬ್ಬರಿಗೂ ಟಾರ್ಚು, ಒಂದೊಂದು ಸ್ವೆಟರ್ ಇಟ್ಟುಕೊಳ್ಳಿ.

ಏರನ್ನು ಅಳೆಯುವುದು ಹೇಗೆ? 100 ಮೀಟರ್ ಮುಂದೆ ಹೋಗುವಾಗ 3 ಮೀಟರ್ ಮೇಲೇರಿದರೆ ಅದು ಶೇ. 3ರ ಏರು. ಮಗು ಮಾತಾಡಿಕೊಂಡೇ ತುಳಿಯುತ್ತದೆ. ಶೇ. 5ಕ್ಕೆ ಮಾತು ನಿಲ್ಲುತ್ತದೆ. ಶೇ. 7–8 ಆದರೆ ಬಹುತೇಕ ಮಕ್ಕಳು ಇಳಿದು ತಳ್ಳುತ್ತಾರೆ. ಬೆಲ್ಜಿಯಂನ ಬೋಸ್‌ಲ್ಯಾಂಡ್ ಕಾಡಿನಲ್ಲಿ ಪೈನ್ ಮರಗಳ ನಡುವೆ ವೃತ್ತಾಕಾರದ ಸೈಕಲ್ ಸೇತುವೆ ಇದೆ. 2019ರಲ್ಲಿ ತೆರೆದದ್ದು. ಸುಮಾರು 700 ಮೀಟರ್ ಉದ್ದ. ನೆಲದಿಂದ ಹೊರಟು 10 ಮೀಟರ್ ಎತ್ತರಕ್ಕೆ ಕೊಂಡೊಯ್ದು ಮತ್ತೆ ಇಳಿಸುತ್ತದೆ. ಏರು ಅಷ್ಟು ಮೆಲ್ಲಗಿರುವುದರಿಂದಲೇ ಚಿಕ್ಕ ಮಕ್ಕಳೂ ಮರದ ನೆತ್ತಿಯ ಹತ್ತಿರ ಸೈಕಲ್ ತುಳಿಯುತ್ತಾರೆ. ಎತ್ತರ ಸಮಸ್ಯೆಯಲ್ಲ, ಅದನ್ನು ಎಷ್ಟು ದೂರದಲ್ಲಿ ಏರುತ್ತೀರಿ ಅನ್ನುವುದೇ ಮುಖ್ಯ.

ಫೋನಿನ ನಕ್ಷೆಯಲ್ಲಿ ಸೈಕಲ್ ದಾರಿ ಹಾಕಿದರೆ ಎತ್ತರದ ಗೆರೆಚಿತ್ರ ಬರುತ್ತದೆ. ಒಟ್ಟು ಏರು ಎಷ್ಟು ಅಂತಷ್ಟೇ ನೋಡಬೇಡಿ. ಆ ಏರು ಎಲ್ಲಿದೆ ನೋಡಿ. ಏರು ಮೊದಲ ಅರ್ಧದಲ್ಲಿ ಬರಲಿ, ಇಳಿಜಾರು ಕೊನೆಯಲ್ಲಿ ಬರಲಿ. ಸುತ್ತು ಹಾದಿಯಾದರೆ ದಿಕ್ಕು ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟರಿಂದಲೇ ಸವಾರಿ ಸಲೀಸಾಗುತ್ತದೆ. ಒಂದೇ ದಿಕ್ಕಿನಲ್ಲಿ ಹೋಗಬೇಕು ಅಂತ ಫಲಕ ಇದ್ದರೆ ಮಾತ್ರ ಅದನ್ನು ಮೀರಬೇಡಿ.

ನಡುವೆ ಬೇಗ ವಾಪಸ್ ಬರುವ ಅಡ್ಡದಾರಿ ಇರುವ ಸುತ್ತನ್ನೇ ಆರಿಸಿ. ಅಂದು ನನಗೆ ಅಂಥದ್ದೊಂದು ಅಡ್ಡದಾರಿ ಇದ್ದಿದ್ದರೆ ಮಗಳು ಅಷ್ಟು ಬಳಲುತ್ತಿರಲಿಲ್ಲ.

3. ಫಲಕದ ಬಣ್ಣ ಓದಿ

ಅನೇಕ ದೇಶಗಳಲ್ಲಿ ಕಾಡಿನ ಸೈಕಲ್ ಹಾದಿಗಳಿಗೆ ಬಣ್ಣದ ಗುರುತು ಇರುತ್ತದೆ. ಬ್ರಿಟನ್ನಿನಲ್ಲಿ ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಷ್ಟ, ಕಪ್ಪು ಅತಿ ಕಷ್ಟ. ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರದ ಆಕಾರ. ನ್ಯೂಜಿಲೆಂಡಿನಲ್ಲಿ ಅಂಕಿ ಕೊಡುತ್ತಾರೆ, 1 ಅಂದರೆ ಅತಿ ಸುಲಭ. ಮಕ್ಕಳ ಜೊತೆ ಮೊದಲ ಹತ್ತು ಸವಾರಿ ಹಸಿರಿನಲ್ಲೇ ಇರಲಿ. ನೀಲಿ ಹಾದಿಯಲ್ಲಿ ಕಿರಿದಾದ ತಿರುವು, ಸಡಿಲ ಕಲ್ಲು, ಸಣ್ಣ ಬೇರು ಬರಬಹುದು. ಮಗುವನ್ನು ಕೂರಿಸಿ ಸೈಕಲ್ ಹಿಂದೆ ಕಟ್ಟುವ ಪುಟ್ಟ ಗಾಡಿ, ಅಂದರೆ ಟ್ರೇಲರ್, ಎಳೆಯುತ್ತಿದ್ದರೆ ಅದು ಆಗುವುದೇ ಇಲ್ಲ.

ಬಣ್ಣ ಹೇಳುವುದು ಹಾದಿ ಎಷ್ಟು ಕಠಿಣ ಅಂತ. ಎಷ್ಟು ಉದ್ದ ಅಂತ ಅಲ್ಲ. ಹಸಿರು ಹಾದಿಯೂ 25 ಕಿ.ಮೀ. ಇರಬಹುದು. ನಾನು ಎಡವಿದ್ದು ಇಲ್ಲೇ.

ಹೊರಡುವ ಜಾಗದಲ್ಲಿರುವ ದೊಡ್ಡ ನಕ್ಷೆ ಫಲಕದ ಫೋಟೊ ತೆಗೆದುಕೊಳ್ಳಿ. ಕಾಡಿನ ಒಳಗೆ ಸಿಗ್ನಲ್ ಹೋದರೂ ಫೋಟೊ ಇರುತ್ತದೆ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ನಲ್ಲಿ ಹಾದಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತದಲ್ಲಿ 1995ರಲ್ಲಿ ಇದು ಶುರುವಾಯಿತು. ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಮಗುವಿನ ಕೈಗೆ ಕೊಟ್ಟರೆ ಸಾಕು, ದಾರಿ ಹುಡುಕುವ ಕೆಲಸ ಅವರದೇ. ಸಂಖ್ಯೆ ಇಲ್ಲದ ಕಡೆಯೂ ಇದನ್ನು ಮಾಡಬಹುದು: ಸೇತುವೆ, ಕೆರೆ, ಎರಡನೇ ಗೇಟು, ದೊಡ್ಡ ಬಂಡೆ ಅಂತ ಐದಾರು ಗುರುತು ಬರೆದುಕೊಡಿ. “ಇನ್ನೆಷ್ಟು ದೂರ?” ಅನ್ನುವ ಪ್ರಶ್ನೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಸ್ವಂತ ಸೈಕಲ್ ಒಯ್ಯಲೇಬೇಕು ಅಂತೇನಿಲ್ಲ. ನೆದರ್‌ಲ್ಯಾಂಡ್ಸ್‌ನ ಹೋಗೆ ವೆಲುವೆ ರಾಷ್ಟ್ರೀಯ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಬಿಳಿ ಸೈಕಲ್‌ಗಳಿವೆ. ಒಳಗೆ ಬಂದವರು ಅವನ್ನು ಬಾಡಿಗೆ ಇಲ್ಲದೆ ತೆಗೆದುಕೊಂಡು ಓಡಿಸಬಹುದು. ಮಕ್ಕಳ ಸೈಕಲ್ಲೂ ಅಲ್ಲಿ ಸಿಗುತ್ತದೆ. ಎಲ್ಲಿಯೇ ಆಗಲಿ, ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಮಗುವಿನ ಅಳತೆಯ ಸೈಕಲ್ ಇದೆಯಾ, ಬ್ರೇಕ್ ಹಿಡಿಯುತ್ತಾ ಅಂತ ನೀವೇ ಪರೀಕ್ಷೆ ಮಾಡಿ.

4. ಸೈಕಲ್ ಮಗುವಿಗೆ ಹೊಂದಬೇಕು

ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ ಅಂತ ತುಂಬ ಮಂದಿ ತೆಗೆದುಕೊಡುತ್ತಾರೆ. ಬಟ್ಟೆಗೆ ಅದು ನಡೆಯುತ್ತದೆ. ಸೈಕಲ್‌ಗೆ ಖಂಡಿತ ಬೇಡ. ಕಾಲು ನೆಲಕ್ಕೆ ಎಟುಕದ ಮಗು ಹೆದರಿ ತುಳಿಯುತ್ತದೆ, ಹೆದರಿದ ಮಗು ಬೀಳುತ್ತದೆ.

ಮಗುವನ್ನು ಸೈಕಲ್‌ನ ಮೇಲುಕೊಳವೆಯ (ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಕೊಳವೆ) ಆಚೀಚೆ ಕಾಲು ಹಾಕಿ ನಿಲ್ಲಿಸಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ, ಕೊಳವೆಗೂ ಮೈಗೂ ನಡುವೆ ಎರಡು ಮೂರು ಬೆರಳು ಸಂದು ಇರಬೇಕು. ಹೊಸದಾಗಿ ಕಲಿತವರಿಗೆ ಸೀಟಿನಲ್ಲಿ ಕೂತಾಗಲೂ ಪಾದದ ಮುಂಭಾಗ ನೆಲಕ್ಕೆ ತಾಗಲಿ. ಚೆನ್ನಾಗಿ ಪಳಗಿದ ಮೇಲೆ ಸೀಟು ಸ್ವಲ್ಪ ಮೇಲೆತ್ತಿ. ಪೆಡಲ್ ಕೆಳಗಿರುವಾಗ ಮಂಡಿ ಒಂಚೂರು ಮಾತ್ರ ಬಾಗಿರಬೇಕು. ಮಂಡಿ ಎದೆಯ ಹತ್ತಿರ ಬರುವಷ್ಟು ತಗ್ಗು ಸೀಟಿನಲ್ಲಿ ತುಳಿದರೆ ಎರಡೇ ಕಿಲೋಮೀಟರಿಗೆ ತೊಡೆ ಹಿಡಿಯುತ್ತದೆ.

ಬ್ರೇಕ್ ಹಿಡಿ ನೋಡಿ. ಮಗುವಿನ ಬೆರಳು ಹ್ಯಾಂಡಲ್ ಬಿಡದೆ ಬ್ರೇಕಿಗೆ ಎಟುಕಬೇಕು. ಎಟುಕದಿದ್ದರೆ ಬಹಳಷ್ಟು ಬ್ರೇಕ್ ಹಿಡಿಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹ್ಯಾಂಡಲ್‌ಗೆ ಹತ್ತಿರ ಬರುತ್ತದೆ. ಎರಡು ನಿಮಿಷದ ಕೆಲಸ. ಹ್ಯಾಂಡಲ್‌ನ ತುದಿಯ ರಬ್ಬರ್ ಹರಿದು ಕಬ್ಬಿಣ ಕಾಣುತ್ತಿದ್ದರೆ ಅದನ್ನೂ ಬದಲಿಸಿ. ಬಿದ್ದಾಗ ಹೊಟ್ಟೆಗೆ ಚುಚ್ಚುವುದು ಅದೇ.

ಇನ್ನೂ ತುಳಿಯಲಾಗದ ಪುಟ್ಟ ಮಕ್ಕಳಿಗೆ ಹಿಂದಿನ ಸೀಟು ಅಥವಾ ಟ್ರೇಲರ್. ಮಗು ತಾನೇ ಗಟ್ಟಿಯಾಗಿ ಕೂತು, ಹೆಲ್ಮೆಟ್ ಭಾರ ಹೊತ್ತು ಕತ್ತು ನಿಲ್ಲಿಸುವಂತಾಗಬೇಕು. ಒಂದು ವರ್ಷ ತುಂಬುವವರೆಗೆ ಯಾವುದೂ ಬೇಡ. ಹಿಂದಿನ ಸೀಟುಗಳು ಸಾಮಾನ್ಯವಾಗಿ 22 ಕೆ.ಜಿ.ವರೆಗೆ ತಡೆಯುತ್ತವೆ. ನಿಮ್ಮ ಸೀಟಿನ ಮೇಲೆ ಬರೆದಿರುವ ಮಿತಿಯನ್ನೇ ನಂಬಿ. ಸೈಕಲ್ ಸ್ಟ್ಯಾಂಡ್ ಹಾಕಿ ಮಗುವನ್ನು ಸೀಟಿನಲ್ಲಿ ಬಿಟ್ಟು ಅರೆ ಕ್ಷಣವೂ ಆಚೆ ಹೋಗಬೇಡಿ. ಮಗು ಒಂದು ಕಡೆ ವಾಲಿದರೆ ಸಾಕು, ಸೈಕಲ್ ಮಗುವಿನ ಸಮೇತ ಉರುಳುತ್ತದೆ.

ನನಗೆ ಕೇಳಿದರೆ ಕಾಡುಹಾದಿಗೆ ಟ್ರೇಲರೇ ವಾಸಿ. ನೆಲಕ್ಕೆ ಹತ್ತಿರ ಇರುತ್ತದೆ, ನಿಮ್ಮ ಸೈಕಲ್ ಬಿದ್ದರೂ ಬಹುತೇಕ ನೆಟ್ಟಗೇ ನಿಲ್ಲುತ್ತದೆ, ಮಗು ಒಳಗೇ ನಿದ್ದೆ ಮಾಡುತ್ತದೆ. ಆದರೆ ಅದರ ಅಗಲ ನೆನಪಿರಲಿ. ಕಿರಿದಾದ ಗೇಟು, ಕಂಬಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತಿರುವಿನಲ್ಲಿ ಅದರ ಒಳಗಿನ ಚಕ್ರ ನಿಮ್ಮದಕ್ಕಿಂತ ಒಳಗೆ ಬರುತ್ತದೆ, ಒಂದೇ ಚಕ್ರ ಕಲ್ಲು ಹತ್ತಿದರೆ ಮಗುಚಬಹುದು. ಮನೆ ಹತ್ತಿರ ಖಾಲಿ ಟ್ರೇಲರಿನಲ್ಲಿ ಮರಳು ಚೀಲ ಇಟ್ಟು ಒಂದು ದಿನ ಓಡಿಸಿ ನೋಡಿ.

5. ಹೆಲ್ಮೆಟ್

ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ ಬಿಟ್ಟು ಕೂರಬೇಕು. ಹಣೆ ಪೂರ್ತಿ ಕಾಣುವ ಹಾಗೆ ಹಿಂದಕ್ಕೆ ತಳ್ಳಿದರೆ ಪ್ರಯೋಜನವಿಲ್ಲ. ಪಟ್ಟಿಗಳು ಕಿವಿಯ ಕೆಳಗೆ ಕೂಡಿರಬೇಕು. ಗಲ್ಲದ ಕೆಳಗೆ ಒಂದು ಬೆರಳು ತೂರಬೇಕು, ಜಾಸ್ತಿ ಸಡಿಲ ಬೇಡ. ಮಗು ದೊಡ್ಡದಾಗಿ ಆಕಳಿಸಿದರೆ ಹೆಲ್ಮೆಟ್ ನೆತ್ತಿಯನ್ನು ಎಳೆದಂತಾಗಬೇಕು. ಒಂದು ಸಲ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಒಳಗಿನ ಥರ್ಮಾಕೋಲ್ ಒಂದು ಸಲ ಕುಗ್ಗಿದರೆ ಮತ್ತೆ ಏಳುವುದಿಲ್ಲ.

ಕಾಡಿನಲ್ಲಿ ಇನ್ನೊಂದು ಮಾತು. ನಿಂತಾಗ ಮಕ್ಕಳು ಮರ ಹತ್ತಲು, ಜೋಕಾಲಿ ಆಡಲು ಓಡುತ್ತಾರೆ. ಆಗ ಹೆಲ್ಮೆಟ್ ತೆಗೆಸಿ. ಕೊಂಬೆಯ ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡರೆ ಅದರ ಪಟ್ಟಿ ಕುತ್ತಿಗೆಯನ್ನು ಬಿಗಿಯುತ್ತದೆ.

6. ಹಿಂದಿನ ಸಂಜೆಯ ತಪಾಸಣೆ

ಬೆಳಗ್ಗೆ ಮಾಡುತ್ತೇನೆ ಅಂದುಕೊಂಡರೆ ಆಗುವುದಿಲ್ಲ. ಹಿಂದಿನ ಸಂಜೆಯೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡಿ.

ಮೊದಲು ಗಾಳಿ. ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಇರಬೇಕು ಅಂತ ಅಚ್ಚಾಗಿರುತ್ತದೆ, ಕನಿಷ್ಠ ಮತ್ತು ಗರಿಷ್ಠ. ಜಲ್ಲಿ ಹಾದಿಗೆ, ಅದರಲ್ಲೂ ಹಗುರ ಮಕ್ಕಳಿಗೆ, ಕನಿಷ್ಠದ ಹತ್ತಿರ ಇರಲಿ. ಕಲ್ಲಿನಂತೆ ಬಿಗಿಯಾದ ಟೈರು ಜಲ್ಲಿಯ ಮೇಲೆ ಪುಟಿಯುತ್ತದೆ, ಕೈ ನೋಯುತ್ತದೆ. ಆಮೇಲೆ ಬ್ರೇಕ್. ಮುಂದಿನ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ಎದ್ದರೆ ಬ್ರೇಕ್ ಚೆನ್ನಾಗಿದೆ. ಹಿಂದಿನ ಬ್ರೇಕ್ ಹಿಡಿದು ತಳ್ಳಿದರೆ ಚಕ್ರ ತಿರುಗದೆ ಜಾರಬೇಕು. ಚೈನಿಗೆ ಎಣ್ಣೆ ಹಾಕಿ ಬಟ್ಟೆಯಿಂದ ಒರೆಸಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುತ್ತದೆ ಅಷ್ಟೆ. ಎರಡೂ ಚಕ್ರದ ನಟ್ಟು ಬಿಗಿ ಇದೆಯಾ ನೋಡಿ. ಕೊನೆಗೆ ಸೈಕಲ್ಲನ್ನು ಒಂದಡಿ ಎತ್ತಿ ಮೆಲ್ಲಗೆ ನೆಲಕ್ಕೆ ಬಿಡಿ. ಏನಾದರೂ ಗಲಗಲ ಅಂದರೆ ಹುಡುಕಿ.

7. ಚೀಲದಲ್ಲಿ ಏನಿರಬೇಕು

ಪ್ರತಿ ಅಳತೆಯ ಚಕ್ರಕ್ಕೂ ಒಂದೊಂದು ಟ್ಯೂಬು, ಪಂಪು, ಪ್ಯಾಚು ಮತ್ತು ಸೊಲ್ಯೂಷನ್, ಟೈರಿನ ಅಂಚು ಎತ್ತಲು ಎರಡು ಟೈರ್ ಲಿವರ್, ಆರು ಮೂಲೆಯ ಅಲನ್ ಕೀ, ಸ್ಪ್ಯಾನರ್. ಮಕ್ಕಳ ಸೈಕಲ್‌ಗಳಲ್ಲಿ ಚಕ್ರದ ನಟ್ಟು ಹೆಚ್ಚಾಗಿ 15 ಮಿ.ಮೀ. ಇರುತ್ತದೆ. ನಿಮ್ಮ ಸ್ಪ್ಯಾನರ್ ಅದಕ್ಕೆ ಕೂರುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಗಾಯಕ್ಕೆ ಹಾಕುವ ಪಟ್ಟಿ, ಶುದ್ಧ ಬಟ್ಟೆ, ಸಣ್ಣ ಚಿಮಟ. ಎಲ್ಲರಿಗೂ ನೀರು, ಬೇಕು ಅನ್ನಿಸಿದ್ದಕ್ಕಿಂತ ಒಂದು ಬಾಟಲಿ ಜಾಸ್ತಿ. ಒಂದೊಂದು ತುತ್ತಿನಲ್ಲಿ ತಿನ್ನಬಹುದಾದ ತಿಂಡಿ. ಗಾಳಿ ತಡೆಯುವ ತೆಳು ಜಾಕೆಟ್. ಏರುವಾಗ ಬೆವರಿದ ಮಗು ಇಳಿಯುವಾಗ ಚಳಿಗೆ ನಡುಗುತ್ತದೆ. ಮುಂದೊಂದು ಹಿಂದೊಂದು ಲೈಟು, ಹಗಲಿಗೇ ಹೊರಟರೂ ಬೇಕು.

ಭಾರವೆಲ್ಲ ದೊಡ್ಡವರ ಕ್ಯಾರಿಯರ್ ಮೇಲೆ. ಮಗುವಿನ ಬೆನ್ನಿಗೆ ಏನೂ ಬೇಡ.

8. ಬಯಲಲ್ಲಿ ಒಂದು ಗಂಟೆಯ ಪಾಠ

ಜಲ್ಲಿ ಮೇಲೆ ಸೈಕಲ್ ಬೇರೆ ಥರ ವರ್ತಿಸುತ್ತದೆ. ಡಾಂಬರಿನ ಮೇಲೆ ಮಾತ್ರ ಓಡಿಸಿದ ಮಗುವನ್ನು ಸೀದಾ ಕಾಡಿಗೆ ಕರೆದೊಯ್ಯಬೇಡಿ. ಸಣ್ಣ ಜಲ್ಲಿ ಇರುವ ಬಯಲಿನಲ್ಲಿ ಒಂದು ಗಂಟೆ ಆಡಲಿ.

ಬ್ರೇಕ್ ಮೊದಲ ಪಾಠ. ಸೈಕಲ್ಲನ್ನು ಚೆನ್ನಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಯಾಕೆಂದರೆ ನಿಲ್ಲುವಾಗ ಮೈಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆದರೆ ಜಲ್ಲಿಯ ಮೇಲೆ ಅದನ್ನು ಗಬಕ್ಕನೆ ಹಿಡಿದರೆ ಮುಂದಿನ ಚಕ್ರ ಜಾರಿ ನೆಲ ಕಾಣಿಸುತ್ತದೆ. ಎರಡೂ ಬ್ರೇಕನ್ನು ಒಟ್ಟಿಗೆ, ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಬಿಗಿ ಮಾಡುತ್ತಾ ಹೋಗಬೇಕು. ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಬೇಕು, ತಿರುವಿನ ಒಳಗೆ ಬ್ರೇಕ್ ಮುಟ್ಟಬಾರದು. ನನ್ನ ಮಗಳಿಗೆ ನಾನು ಕೋಲಿನಿಂದ ನೆಲದ ಮೇಲೆ ಗೆರೆ ಎಳೆದುಕೊಟ್ಟಿದ್ದೆ. ಗೆರೆ ಬರುವಷ್ಟರಲ್ಲಿ ನಿಧಾನ ಆಗಬೇಕು, ಗೆರೆ ದಾಟಿದ ಮೇಲೆ ಬ್ರೇಕ್ ಬಿಟ್ಟು ತಿರುಗಬೇಕು. ಆಟ ಅಂತ ಇಪ್ಪತ್ತು ಸಲ ಮಾಡಿದಳು. ಆಮೇಲೆ ಹೇಳಿಕೊಡಬೇಕಾಗಲಿಲ್ಲ.

ಕಣ್ಣು ಎರಡನೇ ಪಾಠ. ಕಲ್ಲನ್ನೇ ನೋಡುತ್ತಾ ಹೋದರೆ ಸೈಕಲ್ ಕಲ್ಲಿಗೇ ಹೋಗುತ್ತದೆ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು ಅಂತ ಹೇಳಿ. ಇಳಿಜಾರಿನಲ್ಲಿ ಎರಡು ಪೆಡಲೂ ಒಂದೇ ಮಟ್ಟದಲ್ಲಿ, ಮೊಣಕೈ ಸಡಿಲ, ಮೈ ತುಸು ಹಿಂದಕ್ಕೆ. ಗೇರ್ ಇದ್ದರೆ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬರಬೇಕು. ಏರಿನ ನಡುವೆ ಬಲವಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನು ಕಳಚುತ್ತದೆ.

9. ಕಾಡಿನ ಒಳಗೆ

ಇಬ್ಬರು ದೊಡ್ಡವರಿದ್ದರೆ ಒಬ್ಬರು ಮುಂದೆ, ಒಬ್ಬರು ಕೊನೆಗೆ, ಮಕ್ಕಳು ನಡುವೆ. ಒಬ್ಬರೇ ಇದ್ದರೆ ಮಗುವಿನ ಹಿಂದೆ, ಸ್ವಲ್ಪ ಪಕ್ಕಕ್ಕೆ ಇರಿ. ವೇಗ ಯಾವತ್ತೂ ಅತಿ ನಿಧಾನದವರದ್ದು. ಕವಲು ಬಂದ ಕಡೆಯೆಲ್ಲ ಎಲ್ಲರೂ ಕೂಡುವವರೆಗೆ ನಿಲ್ಲಬೇಕು. ಈ ಒಂದು ನಿಯಮವನ್ನು ಹೊರಡುವಾಗಲೇ ಎಲ್ಲರ ಬಾಯಲ್ಲೂ ಹೇಳಿಸಿ. ಶೂ ಲೇಸನ್ನು ಒಳಕ್ಕೆ ತುರುಕಿಸಿ, ಬಲಗಾಲಿನ ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಚೈನಿಗೆ ಸಿಕ್ಕ ಲೇಸು ಕ್ಷಣದಲ್ಲಿ ಮಗುವನ್ನು ಕೆಡವುತ್ತದೆ.

ಅರ್ಧ ಗಂಟೆಗೊಮ್ಮೆ ನಿಲ್ಲಿ, ಸುಸ್ತಾಗಿರಲಿ ಬಿಡಲಿ. ಬಾಯಾರಿಕೆ ಅನ್ನುವ ಮೊದಲೇ ಎರಡು ಗುಟುಕು ನೀರು. ಮಗು ಮಾತು ನಿಲ್ಲಿಸಿದರೆ, ಪದೇ ಪದೇ ಒಂದು ಕಾಲು ನೆಲಕ್ಕಿಟ್ಟರೆ, ಸಣ್ಣ ವಿಷಯಕ್ಕೆ ಸಿಡುಕಿದರೆ, ಅದು ಹಸಿವು ಇಲ್ಲವೇ ದಣಿವು. “ಇನ್ನೇನು ಬಂತು” ಅಂತ ಸುಮ್ನೆ ಸುಳ್ಳು ಹೇಳಬೇಡಿ. ಒಂದು ಸಲ ನಂಬಿಕೆ ಹೋದರೆ ಮುಂದಿನ ನಿಜವನ್ನೂ ನಂಬುವುದಿಲ್ಲ.

ಮರಗಳ ನಡುವೆ ಬಿಸಿಲು ನೆರಳು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಅಲ್ವಾ? ನೋಡಲು ಸೊಗಸು, ಸವಾರನಿಗೆ ಮೋಸ. ಬೇರು, ಗುಂಡಿ ಎರಡೂ ಆ ಚುಕ್ಕೆಗಳಲ್ಲಿ ಅಡಗಿಕೊಳ್ಳುತ್ತವೆ. ಕಪ್ಪು ಕನ್ನಡಕ ಹಾಕಿದ್ದರೆ ಇನ್ನೂ ಕಾಣದು. ಒದ್ದೆ ಎಲೆಯ ರಾಶಿ, ಒದ್ದೆ ಬೇರು ಬಂದಾಗ ನೇರವಾಗಿ ದಾಟಬೇಕು, ಅದರ ಮೇಲೆ ತಿರುಗುವುದೂ ಬೇಡ, ಬ್ರೇಕೂ ಬೇಡ. ನೀರು ನಿಂತ ಸಣ್ಣ ಗುಂಡಿಯನ್ನು ಬಳಸಿಕೊಂಡು ಹೋಗುವ ಬದಲು ನಿಧಾನವಾಗಿ ಅದರಲ್ಲೇ ಹೋಗಿ. ಎಲ್ಲರೂ ಬಳಸಿ ಹೋಗಿ ಹೋಗಿ ಹಾದಿ ಅಗಲವಾಗುತ್ತದೆ, ಪಕ್ಕದ ಗಿಡಗಳು ಸಾಯುತ್ತವೆ.

ನಡೆಯುವವರಿಗೆ ಮೊದಲ ದಾರಿ. ದೂರದಿಂದಲೇ ಬೆಲ್ ಹೊಡೆದು, ನಿಧಾನ ಮಾಡಿ ದಾಟಿ. ಕುದುರೆ ಸವಾರರು ಬಂದರೆ ನಿಂತುಬಿಡಿ. ಬೆಲ್ ಹೊಡೆಯಬೇಡಿ, ಮಾತಾಡಿಸಿ. ಮನುಷ್ಯರ ದನಿ ಕೇಳಿದರೆ ಕುದುರೆ ಬೆಚ್ಚುವುದಿಲ್ಲ. ಕಾಡುಪ್ರಾಣಿ ಕಂಡರೆ ದೂರದಲ್ಲೇ ನಿಂತು, ಅದು ತಾನಾಗಿ ಹೋಗುವವರೆಗೆ ಕಾಯಿರಿ. ಮರಿ ಇದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುವುದು ಕ್ಷೇಮ.

ಹಾದಿ ಪಕ್ಕದಲ್ಲಿ ಕಡಿದ ದಿಮ್ಮಿಗಳ ರಾಶಿ ಇರುತ್ತದೆ. ಮಕ್ಕಳಿಗೆ ಅದನ್ನು ಹತ್ತುವ ಆಸೆ. ಬಿಡಲೇಬೇಡಿ. ನೋಡಲು ಗಟ್ಟಿಯಾಗಿ ಕಂಡರೂ ಒಂದು ದಿಮ್ಮಿ ಉರುಳಿದರೆ ರಾಶಿಯೇ ಕುಸಿಯುತ್ತದೆ. ಮರ ಕಡಿಯುತ್ತಿದ್ದಾರೆ, ಹಾದಿ ಮುಚ್ಚಿದೆ ಅಂತ ಫಲಕ ಇದ್ದರೆ, ಯಾರೂ ಕಾಣದಿದ್ದರೂ ಆ ಹಾದಿಗೆ ಹೋಗಬೇಡಿ. ಜೋರು ಗಾಳಿಯ ದಿನ, ಗುಡುಗಿನ ಮುನ್ಸೂಚನೆ ಇದ್ದ ದಿನ ಮನೆಯಲ್ಲೇ ಇರಿ.

10. ಪಂಕ್ಚರ್ ಆದರೆ

ಮಕ್ಕಳಿಗೆ ಇದೊಂದು ದೊಡ್ಡ ಕೌತುಕ. ಅವರನ್ನೂ ಸೇರಿಸಿಕೊಳ್ಳಿ. ಹಾದಿ ಬಿಟ್ಟು ಪಕ್ಕಕ್ಕೆ ಬನ್ನಿ, ಸೈಕಲ್ ತಲೆಕೆಳಗೆ ನಿಲ್ಲಿಸಿ. ಚಕ್ರ ಬಿಚ್ಚಿ, ಉಳಿದ ಗಾಳಿ ಬಿಟ್ಟು, ಟೈರಿನ ಅಂಚನ್ನು ಸುತ್ತಲೂ ಹೆಬ್ಬೆರಳಿನಿಂದ ರಿಮ್ಮಿನ ನಡುವಿಗೆ ಒತ್ತಿ ಸಡಿಲ ಮಾಡಿ. ವಾಲ್ವಿನ ಎದುರು ಬದಿಯಲ್ಲಿ ಲಿವರ್ ಹಾಕಿ ಒಂದು ಅಂಚನ್ನು ಮಾತ್ರ ಹೊರಗೆ ತೆಗೆಯಿರಿ. ಟ್ಯೂಬು ಎಳೆದು ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿಯಿರಿ. ತೂತು ಎಲ್ಲಿದೆ ಅಂತ ತಣ್ಣನೆ ಗಾಳಿಯೇ ಹೇಳುತ್ತದೆ. ಈಗ ಟೈರಿನ ಒಳಗೆ ಆ ಜಾಗದಲ್ಲಿ ಬಟ್ಟೆಯಿಂದ ಸವರಿ. ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಬೆರಳು ಹಾಕಿದರೆ ಬೆರಳಿಗೇ ಚುಚ್ಚುತ್ತದೆ. ಆ ಮುಳ್ಳು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಹತ್ತು ನಿಮಿಷದಲ್ಲಿ ಮತ್ತೆ ಇದೇ ಕೆಲಸ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಹೊಡೆದು ಒಳಗೆ ಕೂರಿಸಿ, ಆಗ ಮಡಚಿಕೊಳ್ಳುವುದಿಲ್ಲ. ಅಂಚನ್ನು ವಾಲ್ವಿನ ಎದುರಿನಿಂದ ಶುರುಮಾಡಿ ಹೆಬ್ಬೆರಳಿನಲ್ಲೇ ಒಳಗೆ ತಳ್ಳುತ್ತಾ ವಾಲ್ವಿನ ಹತ್ತಿರ ಮುಗಿಸಿ. ಕೊನೆಯಲ್ಲಿ ಬಿಗಿ ಅನ್ನಿಸಿದರೂ ಲಿವರ್ ಹಾಕಬೇಡಿ, ಟ್ಯೂಬು ಕಚ್ಚಿ ತೂತಾಗುತ್ತದೆ. ಗಾಳಿ ಹೊಡೆಯುವ ಸರದಿ ಮಕ್ಕಳದು. ಹತ್ತು ಸಲ ನಿನ್ನದು, ಹತ್ತು ಸಲ ನನ್ನದು.

ಹಿಂದಿನ ಚಕ್ರ ಬಿಚ್ಚಲು ಬರದಿದ್ದರೆ ಚಿಂತೆ ಬೇಡ. ಚಕ್ರ ಅಲ್ಲೇ ಇರಲಿ, ತೂತಿರುವ ಜಾಗದ ಟ್ಯೂಬನ್ನಷ್ಟೇ ಹೊರಗೆಳೆದು ಪ್ಯಾಚು ಹಾಕಬಹುದು.

11. ಬಿದ್ದರೆ

ಮಂಡಿ ತರಚಿದ್ದರೆ ಕುಡಿಯುವ ನೀರಿನಿಂದಲೇ ಮಣ್ಣು ಹೋಗುವ ತನಕ ತೊಳೆದು ಪಟ್ಟಿ ಹಾಕಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು, ತಡವರಿಸುವ ಮಾತು, ಹೆಚ್ಚುತ್ತಿರುವ ತಲೆನೋವು ಯಾವುದಾದರೂ ಕಂಡರೆ ಸವಾರಿ ಅಲ್ಲಿಗೇ ನಿಲ್ಲಿಸಿ ಸಹಾಯಕ್ಕೆ ಕರೆ ಮಾಡಿ. 112 ಅನೇಕ ದೇಶಗಳಲ್ಲಿ ತುರ್ತು ಸಂಖ್ಯೆ. ಹೋಗುವ ಕಡೆ ಯಾವ ಸಂಖ್ಯೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ದಾಟಿ ಬಂದ ಕಂಬದ ಸಂಖ್ಯೆ ಅಥವಾ ಗೇಟಿನ ಹೆಸರು ಹೇಳಿದರೆ ಅವರು ಬೇಗ ತಲುಪುತ್ತಾರೆ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿರುವ ಒಬ್ಬರಿಗೆ ಹೇಳಿಯೇ ಹೊರಡಿ.

12. ವಾಪಸ್ ಬಂದ ಮೇಲೆ

ಸ್ನಾನದ ಹೊತ್ತಿಗೆ ಮೈಯೆಲ್ಲ ನೋಡಿ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ, ಸೊಂಟದ ಪಟ್ಟಿಯ ಜಾಗ. ಉಣ್ಣಿ ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಕಚ್ಚಿದ ಜಾಗ ತೊಳೆದು, ದಿನಾಂಕ ಬರೆದಿಡಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ, ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ.

ಸೈಕಲ್‌ನ ಕೆಸರು ಒಣಗುವ ಮುಂಚೆ ತೊಳೆದು, ಚೈನು ಒರೆಸಿ ಎಣ್ಣೆ ಹಾಕಿ. ಬಳಸಿದ ಟ್ಯೂಬು, ಪ್ಯಾಚನ್ನು ಅವತ್ತೇ ಚೀಲಕ್ಕೆ ಮತ್ತೆ ತುಂಬಿ. ಆಮೇಲೆ ನಕ್ಷೆ ತೆಗೆದು, ಹೋಗಿಬಂದ ಹಾದಿಯ ಮೇಲೆ ಮಗುವಿನ ಕೈಯಲ್ಲೇ ಬಣ್ಣದ ಪೆನ್ಸಿಲ್ ಓಡಿಸಿ. ಎಲ್ಲಿ ಕಷ್ಟ ಆಯಿತು, ಎಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಅಂತ ಕೇಳಿ, ಗುರುತು ಹಾಕಿಸಿ. ನಮ್ಮ ಮನೆಯ ನಕ್ಷೆಯಲ್ಲಿ ಏಳನೇ ಕಿಲೋಮೀಟರಿನ ಹತ್ತಿರ ಒಂದು ಪುಟ್ಟ ಮರದ ದಿಮ್ಮಿಯ ಚಿತ್ರ ಇದೆ. ಅದರ ಪಕ್ಕದಲ್ಲಿ ಎರಡು ವರ್ಷದ ಮೇಲೆ ಅವಳು ಬರೆದದ್ದು: ‘ಇಲ್ಲಿ ಈ ಸಲ ನಿಲ್ಲಲಿಲ್ಲ.’